ಹೊನವಾಡದ ಹುಡುಗಿಯ ಐದು ವರ್ಷದ ಲೆಕ್ಕ: ಬಯೋಮೆಡಿಕಲ್ ಪಿಎಚ್‌ಡಿಗೆ ಸೀಟು ಸಿಕ್ಕರೆ ಸಾಕಾ?

ತಿಕೋಟಾ ತಾಲ್ಲೂಕಿನ ಹೊನವಾಡದಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಎರಡು ಎಕರೆ ದ್ರಾಕ್ಷಿ, ಉಳಿದದ್ದು ತೊಗರಿ, ಜೋಳ. ಮಗಳು ವಿಜಯಪುರದಲ್ಲಿ ಬಿ.ಇ. ಕೊನೆಯ ವರ್ಷ ಓದುತ್ತಿದ್ದಾಳೆ. ಭಾನುವಾರ ಊರಿಗೆ ಬಂದವಳು ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆಯುತ್ತಾಳೆ.

"ಅಪ್ಪಾ, ನಾ ಪಿಎಚ್‌ಡಿ ಮಾಡಬೇಕಂತೀನಿ."

"ಅಂದ್ರ ಡಾಕ್ಟರ್ ಆಗ್ತೀಯೇನು?"

"ಡಾಕ್ಟರೇ. ಆದ್ರ ಸೂಜಿ ಮಾಡೂ ಡಾಕ್ಟರ್ ಅಲ್ಲ."

"ಎಷ್ಟ್ ವರ್ಷ?"

"ಐದು ಆಗಬಹುದು."

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸುತ್ತಾಳೆ. "ಇನ್ನೂ ಐದು ವರ್ಷ ನಾವು ರೊಕ್ಕಾ ಕಟ್ಟೂದಾ? ಮುಗದ ಮ್ಯಾಲೆ ನೌಕರಿ ಗ್ಯಾರಂಟಿ ಐತೇನು?"

ಈ ಹುಡುಗಿ ಕಲ್ಪನೆಯವಳು. ಅವ್ವನ ಎರಡು ಪ್ರಶ್ನೆ ಮಾತ್ರ ಕಲ್ಪನೆಯಲ್ಲ. ನಮ್ಮ ಹಾಸ್ಟೆಲ್‌ನ ಯಾವ ರೂಮಿನ ಬಾಗಿಲು ತಟ್ಟಿದರೂ ಈ ಪ್ರಶ್ನೆ ಕೇಳಿಸಿಕೊಂಡವರು ಸಿಗುತ್ತಾರೆ. ಉತ್ತರ ಗೊತ್ತಿಲ್ಲದೆ "ಆಯ್ತು ಬಿಡವ್ವಾ" ಅಂತ ಕ್ಯಾಂಪಸ್ ಪ್ಲೇಸ್‌ಮೆಂಟಿನ ಸಾಲಿನಲ್ಲಿ ನಿಂತವರೂ ಸಿಗುತ್ತಾರೆ. ಆರೋಗ್ಯಕ್ಕೆ ಸಂಬಂಧಿಸಿದ ಸಂಶೋಧನೆಗೆ, ಅಂದರೆ ಬಯೋಮೆಡಿಕಲ್ ರಿಸರ್ಚ್‌ಗೆ, ಇಂಥ ಮನೆಗಳಿಂದ ಬರುವವರು ಕಡಿಮೆ ಏಕೆ, ಅವರನ್ನು ಸಿದ್ಧಪಡಿಸುವುದು ಅಂದರೆ ಏನು, ನಮಗೆ ಇವತ್ತು ಯಾವ ದಾರಿಗಳಿವೆ ಅನ್ನೋದನ್ನ ಈ ಲೇಖನದಲ್ಲಿ ನೋಡೋಣ.

ಯಾರು ಕಡಿಮೆ ಇದ್ದಾರೆ?

ಪಿಎಚ್‌ಡಿ ಪದವಿ ಮೇಲ್ನೋಟಕ್ಕೆ ಎಲ್ಲರಿಗೂ ತೆರೆದಿದೆ. ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಹಿಂದುಳಿದ ವರ್ಗಗಳಿಗೆ ಶೇ. 27 ಮೀಸಲಾತಿ ಕೇಂದ್ರದ ಸಂಸ್ಥೆಗಳಲ್ಲಿದೆ. ಹೆಣ್ಣುಮಕ್ಕಳ ಸಂಖ್ಯೆಯೂ ಏರಿದೆ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಆ ವರ್ಷ ದೇಶದಲ್ಲಿ ಪಿಎಚ್‌ಡಿ ಓದುತ್ತಿದ್ದವರು ಸುಮಾರು 2.12 ಲಕ್ಷ. ಅವರಲ್ಲಿ ಮಹಿಳೆಯರು ಸುಮಾರು 99 ಸಾವಿರ. ಹತ್ತಿರ ಹತ್ತಿರ ಅರ್ಧ.

ಒಳ್ಳೆಯದೇ ಆಯ್ತಲ್ಲ ಅನ್ನಬಹುದು. ಆದರೆ ಮುಂದಿನ ಮೆಟ್ಟಿಲು ನೋಡಿ. ದೇಶದ ಸಂಶೋಧನೆ ಮತ್ತು ಅಭಿವೃದ್ಧಿ ಕೆಲಸದಲ್ಲಿ ನೇರವಾಗಿ ತೊಡಗಿರುವವರಲ್ಲಿ ಮಹಿಳೆಯರ ಪಾಲು ಐದನೇ ಒಂದಕ್ಕಿಂತಲೂ ಕಡಿಮೆ. ಪಿಎಚ್‌ಡಿಯಲ್ಲಿ ಅರ್ಧ ಇದ್ದವರು ಲ್ಯಾಬಿನಲ್ಲಿ ಐದಕ್ಕೊಬ್ಬರೂ ಇಲ್ಲ ಅಂದರೆ ನಡುವೆ ಎಲ್ಲೋ ಪೈಪ್ ಸೋರುತ್ತಿದೆ. ಸೋರುವ ಪೈಪಿಗೆ ಮೇಲಿನಿಂದ ಎಷ್ಟು ನೀರು ಬಿಟ್ಟರೂ ಕೊನೆಯ ಹೊಲಕ್ಕೆ ಮುಟ್ಟೋದಿಲ್ಲ. ಇದು ತೋಟಕ್ಕೆ ಡ್ರಿಪ್ ಹಾಕಿಸಿದ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಜಾತಿ, ಲಿಂಗದ ಜೊತೆ ಇನ್ನೆರಡು ಅಡ್ಡಿಗಳಿವೆ. ಅವು ಯಾವ ಅರ್ಜಿಯ ಕಾಲಂನಲ್ಲೂ ಬರುವುದಿಲ್ಲ. ಒಂದು, ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲ ತಲೆಮಾರು ಆಗಿರುವುದು. ಇನ್ನೊಂದು, ಕನ್ನಡ ಮಾಧ್ಯಮದಲ್ಲಿ ಓದಿ, ದೊಡ್ಡ ಸಂಶೋಧನಾ ಸಂಸ್ಥೆಯನ್ನು ಕಣ್ಣಿಂದ ನೋಡದೆ ಬೆಳೆದಿರುವುದು.

ಇದರಿಂದ ನಷ್ಟ ಯಾರಿಗೆ?

ನ್ಯಾಯದ ಮಾತು ಒಂದು ಕಡೆ ಇರಲಿ. ಸಂಶೋಧನೆ ಮಾಡುವವರೆಲ್ಲ ಒಂದೇ ಬಗೆಯ ಮನೆಗಳಿಂದ ಬಂದರೆ ಸಂಶೋಧನೆಯೇ ತಪ್ಪಬಹುದು. ಇಂಜಿನಿಯರಿಂಗ್ ಓದುವ ನಮಗೆ ತಕ್ಷಣ ಅರ್ಥವಾಗುವ ಉದಾಹರಣೆ ಪಲ್ಸ್ ಆಕ್ಸಿಮೀಟರ್.

ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಕ್ಲಿಪ್ ಹಾಕುವ ಆ ಡಬ್ಬಿಯ ಒಳಗೆ ಎರಡು ಎಲ್‌ಇಡಿ ಇರುತ್ತವೆ. ಒಂದು ಸುಮಾರು 660 ನ್ಯಾನೋಮೀಟರಿನ ಕೆಂಪು, ಇನ್ನೊಂದು ಸುಮಾರು 940 ನ್ಯಾನೋಮೀಟರಿನ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಈ ಎರಡು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆ ಅನುಪಾತದಿಂದ ಶೇಕಡಾವಾರು ಲೆಕ್ಕ ಬರುತ್ತದೆ. ಆದರೆ ಅನುಪಾತವನ್ನು ಶೇಕಡಾಕ್ಕೆ ತಿರುಗಿಸುವ ಕೋಷ್ಟಕ ಸೂತ್ರದಿಂದ ಬರುವುದಿಲ್ಲ. ಕೆಲವು ಸ್ವಯಂಸೇವಕರ ರಕ್ತ ಪರೀಕ್ಷೆ ಮಾಡಿ ಹೋಲಿಸಿ ತಯಾರಿಸಿರುತ್ತಾರೆ. ಆ ಸ್ವಯಂಸೇವಕರಲ್ಲಿ ಬಹುಪಾಲು ಬಿಳಿ ಚರ್ಮದವರೇ ಇದ್ದರೆ? ಚರ್ಮದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಇದನ್ನು ತೋರಿಸಿತು: ಅಮೆರಿಕದ ಆಸ್ಪತ್ರೆಗಳಲ್ಲಿ, ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಆಕ್ಸಿಮೀಟರ್ "ಸರಿಯಾಗಿದೆ" ಎಂದು ತೋರಿಸಿದ ಪ್ರಮಾಣ ಕಪ್ಪು ವರ್ಣದ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸರ್ಕ್ಯೂಟ್ ಸರಿಯಾಗಿತ್ತು. ಕ್ಯಾಲಿಬ್ರೇಶನ್ ಟೇಬಲ್ಲಿನಲ್ಲಿ ಯಾರು ಇರಬೇಕು ಎಂದು ಕೇಳುವವರು ಆ ಕೋಣೆಯಲ್ಲಿ ಸಾಕಷ್ಟು ಇರಲಿಲ್ಲ.

ಎರಡನೇ ಉದಾಹರಣೆ ನಮ್ಮ ಹೊಲದ್ದೇ. ಹಾವು ಕಡಿತ. 2000ರಿಂದ 2019ರವರೆಗಿನ ಸಾವುಗಳನ್ನು ಲೆಕ್ಕ ಹಾಕಿದ ಅಧ್ಯಯನದ ಅಂದಾಜು ನೋಡಿ: ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸಾಯುತ್ತಾರೆ. ಹೆಚ್ಚಿನವರು ಹಳ್ಳಿಯವರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದ್ದು 2024ರಲ್ಲಿ. ಹಾವು ಮಾತ್ರ ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಕಡಿಯುತ್ತಲೇ ಇದೆ.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾಗುತ್ತದೆ. ವಿಷವನ್ನು ಸಣ್ಣ ಪ್ರಮಾಣದಲ್ಲಿ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಆ ವಿಷದ ಬಹುಪಾಲು ತಮಿಳುನಾಡಿನ ಒಂದು ಭಾಗದ ಹಾವುಗಳಿಂದಲೇ ಬರುತ್ತದೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ, ಹಾಗಾಗಿ ಎಲ್ಲೆಡೆ ಒಂದೇ ಔಷಧ ಸಮನಾಗಿ ಕೆಲಸ ಮಾಡುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಷ ಸಂಶೋಧನೆಯ ತಂಡ ತೋರಿಸಿದೆ. ಈಗ ಯೋಚಿಸಿ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟ್ ಬಂದಾಗ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಬಿಡಲು ಹೋಗುವ ಅಪ್ಪನನ್ನು ಕಾದು ಕೂತ ಮಗಳಿಗೆ ಈ ವಿಷಯದಲ್ಲಿ ಹುಟ್ಟುವ ಪ್ರಶ್ನೆಗಳು, ನಗರದ ಹತ್ತನೇ ಮಹಡಿಯಲ್ಲಿ ಬೆಳೆದವರಿಗೆ ಹುಟ್ಟುತ್ತವೆಯೇ? ಅವರೂ ಜಾಣರೇ. ಆದರೆ ಪ್ರಶ್ನೆ ಹುಟ್ಟುವ ಜಾಗವೇ ಬೇರೆ.

ಜೀನೋಮ್ ವಿಷಯವೂ ಇದೇ. ರೋಗ ಮತ್ತು ಜೀನ್‌ಗಳ ಸಂಬಂಧ ಹುಡುಕುವ ಜಗತ್ತಿನ ದೊಡ್ಡ ಅಧ್ಯಯನಗಳಲ್ಲಿ ಭಾಗಿಯಾದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಯುರೋಪ್ ಮೂಲದವರು. ನಮ್ಮ ಜೀನೋಮ್‌ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಜೀನೋಮ್ ಓದುವ ಗುರಿ ಇಟ್ಟುಕೊಂಡದ್ದು ಈ ಕೊರತೆ ತುಂಬಲಿಕ್ಕೆ. ಅದರ ಮುಂದಾಳುತನ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ್ದು.

1933ರ ಬೆಂಗಳೂರು: ಬಾಗಿಲು ತೆರೆಯಿತು, ಆದರೆ ಹೇಗೆ?

ಈ ಕಥೆಯ ಹಳೆಯ ಅಧ್ಯಾಯ ಕರ್ನಾಟಕದಲ್ಲೇ ನಡೆದಿದೆ. 1933ರಲ್ಲಿ ಬಾಂಬೆಯಿಂದ ಕಮಲಾ ಭಾಗವತ್ ಎಂಬ ಯುವತಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದವರು ಇವರೇ. ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದಿದ್ದರು. ಸಂಸ್ಥೆಯ ನಿರ್ದೇಶಕರು ಆಗ ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಕಮಲಾ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳ ಮೇಲೆ. ಮೊದಲ ವರ್ಷ ಪರೀಕ್ಷಾರ್ಥ ಮಾತ್ರ. ಗೈಡ್ ಹೇಳಿದಾಗ ತಡರಾತ್ರಿಯವರೆಗೂ ಕೆಲಸ ಮಾಡಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು.

ಜೊತೆಗಿದ್ದ ಹುಡುಗರಿಗೆ ಈ ಷರತ್ತುಗಳು ಇರಲಿಲ್ಲ. ಒಂದೇ ಲ್ಯಾಬ್, ಎರಡು ನಿಯಮ.

ಆದರೂ ಅವರು ಉಳಿದರು, ಗೆದ್ದರು. ಕಾರಣಗಳಲ್ಲಿ ಒಂದು ಗೈಡ್ ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮನುಷ್ಯ, ಆದರೆ ಮನಸ್ಸಿಟ್ಟು ಕಲಿಸಿದರು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ ಕಮಲಾ 1936ರಲ್ಲಿ ಎಂ.ಎಸ್ಸಿ. ಪಡೆದರು. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, ಗಿಡಗಳ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿ, 1939ರಲ್ಲಿ ಪಿಎಚ್‌ಡಿ ಪಡೆದರು. ಮರಳಿ ಬಂದು ದೆಹಲಿ, ಕೂನೂರು, ಬಾಂಬೆಗಳಲ್ಲಿ ಪೌಷ್ಟಿಕತೆಯ ಮೇಲೆ ದುಡಿದರು. ಬಡವರ ಮಕ್ಕಳ ಆಹಾರಕ್ಕೆ ನೀರಾ ಹೇಗೆ ನೆರವಾಗಬಹುದು ಅನ್ನೋದು ಅವರ ಮುಖ್ಯ ಕೆಲಸಗಳಲ್ಲಿ ಒಂದು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಆದರೆ ಒಂದು ಸಂಗತಿ ಗಮನಿಸಿ. ಕಮಲಾ ಅವರ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರ ಓದಿದವರು, ಅದೇ ಸಂಸ್ಥೆಯಲ್ಲಿ ಕಲಿತವರು. ಲ್ಯಾಬ್ ಅಂದರೆ ಏನು, ಗೈಡ್ ಅಂದರೆ ಯಾರು, ಅರ್ಜಿ ತಿರಸ್ಕಾರವಾದರೆ ಯಾರ ಬಾಗಿಲು ತಟ್ಟಬೇಕು ಎಂಬುದು ಮನೆಯಲ್ಲೇ ಗೊತ್ತಿತ್ತು. ಅಷ್ಟಿದ್ದವರಿಗೇ ಅಷ್ಟು ಕಷ್ಟವಾಯಿತು. ಅದ್ಯಾವುದೂ ಇಲ್ಲದ ಮನೆಯ ಹುಡುಗಿಗೆ ಛಲವೊಂದೇ ಸಾಕು ಅನ್ನೋದು ನ್ಯಾಯವಲ್ಲ. ತರಬೇತಿ ಎಂಬ ವ್ಯವಸ್ಥೆ ಬೇಕಾಗೋದು ಇಲ್ಲೇ.

ತರಬೇತಿ ಅಂದರೆ ಏನೇನು?

ಪಿಎಚ್‌ಡಿ ಅಂದರೆ ಪುಸ್ತಕ ಓದಿ ಪರೀಕ್ಷೆ ಬರೆಯೋದಲ್ಲ ಅನ್ನೋದು ಗೊತ್ತು. ಆದರೆ ಮತ್ತೇನು? ಬಿಡಿಸಿ ನೋಡಿದರೆ ಐದು ಭಾಗಗಳಿವೆ.

ಒಂದು, ಹೊಟ್ಟೆಯ ಚಿಂತೆ ಇಲ್ಲದ ಹಣ. ವೇತನ ಎಲ್ಲಿಂದ ಬರುತ್ತದೆ ಅನ್ನೋದೂ ಮುಖ್ಯ. ಅದು ಗೈಡ್‌ನ ಪ್ರಾಜೆಕ್ಟಿನಿಂದ ಬರುತ್ತಿದ್ದರೆ ಪ್ರಾಜೆಕ್ಟ್ ಮುಗಿದಾಗ ವೇತನವೂ ಮುಗಿಯಬಹುದು. ಗೈಡ್ ಜೊತೆ ಹೊಂದಾಣಿಕೆ ಆಗದಿದ್ದರೂ ಬಾಯಿ ಮುಚ್ಚಿಕೊಂಡು ಇರಬೇಕಾಗಬಹುದು. ವಿದ್ಯಾರ್ಥಿಯ ಹೆಸರಿಗೇ ಫೆಲೋಶಿಪ್ ಇದ್ದರೆ ಆಯ್ಕೆಯ ಸ್ವಾತಂತ್ರ್ಯ ಹೆಚ್ಚು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್‌ಐಎಚ್, "ಟ್ರೇನಿಂಗ್ ಗ್ರಾಂಟ್" ಎಂಬ ಪ್ರತ್ಯೇಕ ಅನುದಾನವನ್ನು ವಿಶ್ವವಿದ್ಯಾಲಯಗಳಿಗೆ ಕೊಡುತ್ತ ಬಂದದ್ದು ಈ ಕಾರಣಕ್ಕೇ. ಆ ಹಣ ಯಾವ ಪ್ರಯೋಗಕ್ಕೂ ಅಲ್ಲ, ಮನುಷ್ಯರನ್ನು ತಯಾರು ಮಾಡಲಿಕ್ಕೆ.

ಎರಡು, ಗೈಡ್ ಆಯ್ಕೆ. ಒಳ್ಳೆಯ ಪದ್ಧತಿಯೊಂದಿದೆ. ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ಕೆಲವು ವಾರಗಳಷ್ಟು ಕೆಲಸ ಮಾಡಿ, ಆಮೇಲೆ ಒಂದನ್ನು ಆರಿಸಿಕೊಳ್ಳೋದು. ಇದಕ್ಕೆ ಲ್ಯಾಬ್ ರೊಟೇಶನ್ ಅಂತಾರೆ. ಪರಿಚಯಸ್ಥರೇ ಇಲ್ಲದ ವಿದ್ಯಾರ್ಥಿಗೆ ಇದು ದೊಡ್ಡ ವರ. ಯಾವ ಗೈಡ್ ಹೇಗೆ ಅನ್ನೋದನ್ನ ಹೇಳುವ ಅಣ್ಣ-ಅಕ್ಕಂದಿರು ಅವಳಿಗೆ ಇರೋದಿಲ್ಲವಲ್ಲ. ಗೈಡ್ ಒಬ್ಬರನ್ನೇ ನೆಚ್ಚದೆ, ಸಲಹೆಗೆ ಇನ್ನೊಬ್ಬ ಹಿರಿಯರನ್ನು ನಿಗದಿ ಮಾಡೋದು ಅದರ ಮುಂದಿನ ಹೆಜ್ಜೆ.

ಮೂರು, ಯಾರೂ ಹೇಳಿಕೊಡದ ಪಾಠ. ಸಂಶೋಧನಾ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ, ಚಿತ್ರಗಳಿಂದ ಶುರು ಮಾಡಬಹುದು. ಪ್ರೊಫೆಸರ್‌ಗೆ ಇಮೇಲ್ ಬರೆಯುವಾಗ ನಾಲ್ಕು ಸಾಲು ಸಾಕು. ಸೆಮಿನಾರ್‌ನಲ್ಲಿ ಪ್ರಶ್ನೆ ಕೇಳೋದು ಅಧಿಕಪ್ರಸಂಗ ಅಲ್ಲ, ಅದೇ ಕೆಲಸ. ಪ್ರಯೋಗ ಹತ್ತು ಸಲ ಸೋತರೆ ತಾನು ದಡ್ಡಿ ಅಂತ ಅರ್ಥವಲ್ಲ. ಇವನ್ನೆಲ್ಲ ಪ್ರೊಫೆಸರ್ ಮನೆಯ ಮಕ್ಕಳು ಊಟದ ಹೊತ್ತಿನಲ್ಲೇ ಕಲಿತಿರುತ್ತಾರೆ. ನಮ್ಮವರು ಮೂರನೇ ವರ್ಷಕ್ಕೆ, ಅದೂ ಪೆಟ್ಟು ತಿಂದು ಕಲಿಯುತ್ತಾರೆ. ಒಳ್ಳೆಯ ತರಬೇತಿ ಈ ಗುಟ್ಟಿನ ಪಾಠವನ್ನು ಬಹಿರಂಗವಾಗಿ ತರಗತಿಯಲ್ಲೇ ಹೇಳಿಕೊಡುತ್ತದೆ. ಇಂಗ್ಲಿಷ್ ಬರವಣಿಗೆಯೂ ಇದರಲ್ಲೇ ಬರುತ್ತದೆ. ಇಂಗ್ಲಿಷ್ ಕಮ್ಮಿ ಅಂದರೆ ಬುದ್ಧಿ ಕಮ್ಮಿ ಅಂತ ಲೆಕ್ಕ ಹಾಕುವ ಜಾಗದಲ್ಲಿ ಇದನ್ನು ಕಲಿಸುವವರು ಇರೋದಿಲ್ಲ.

ನಾಲ್ಕು, ಜೊತೆಗಾರರು. 1988ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್‌ನಲ್ಲಿ ಮೇಯರ್‌ಹಾಫ್ ಸ್ಕಾಲರ್ಸ್ ಎಂಬ ಕಾರ್ಯಕ್ರಮ ಶುರುವಾಯಿತು. ಕಪ್ಪು ವಿದ್ಯಾರ್ಥಿಗಳು ವಿಜ್ಞಾನದ ಪಿಎಚ್‌ಡಿವರೆಗೆ ಮುಟ್ಟಬೇಕು ಅನ್ನೋದು ಉದ್ದೇಶ. ಆಮೇಲೆ ಅದು ಎಲ್ಲರಿಗೂ ತೆರೆಯಿತು. ಅಲ್ಲಿ ಪದವಿ ಶುರುವಾಗುವ ಮೊದಲೇ ಬೇಸಿಗೆ ಶಿಬಿರ, ಗುಂಪಿನಲ್ಲೇ ಅಭ್ಯಾಸ, ಬೇಗನೇ ಲ್ಯಾಬ್ ಕೆಲಸ, ಹಿರಿಯರ ನಿಗಾ. "ಒಬ್ಬನೇ ಓದಿ ರ್‍ಯಾಂಕ್ ತೆಗೆ" ಅನ್ನೋ ಪದ್ಧತಿಗೆ ತದ್ವಿರುದ್ಧ. ಅಲ್ಲಿ ಕಲಿತ ಕಿಜ್‌ಮೆಕಿಯಾ ಕಾರ್ಬೆಟ್ ಮುಂದೆ ಎನ್‌ಐಎಚ್‌ನಲ್ಲಿದ್ದಾಗ ಮೊಡೆರ್ನಾ ಕೋವಿಡ್ ಲಸಿಕೆಯ ಅಭಿವೃದ್ಧಿಯಲ್ಲಿ ಮುಖ್ಯ ಪಾತ್ರ ವಹಿಸಿದರು. ಒಂದು ಕ್ಯಾಂಪಸ್‌ನ ಕಾರ್ಯಕ್ರಮ ಜಗತ್ತಿನ ತೋಳಿಗೆ ಬಂದು ಮುಟ್ಟಿತು.

ಐದು, ಪಿಎಚ್‌ಡಿ ಆದಮೇಲಿನ ದಾರಿ. ಪಿಎಚ್‌ಡಿ ಮುಗಿಸಿದವರೆಲ್ಲ ಪ್ರೊಫೆಸರ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ವೈದ್ಯಕೀಯ ಉಪಕರಣ ಕಂಪನಿ, ಔಷಧ ಕಂಪನಿ, ಕ್ಲಿನಿಕಲ್ ಟ್ರಯಲ್, ಪೇಟೆಂಟ್, ಔಷಧ ನಿಯಂತ್ರಣ, ಸ್ಟಾರ್ಟಪ್, ವಿಜ್ಞಾನ ಬರವಣಿಗೆ ಎಲ್ಲವೂ ಇವೆ. ಉದಾಹರಣೆಗೆ, ನಮ್ಮ ದೇಶದಲ್ಲಿ ವೈದ್ಯಕೀಯ ಉಪಕರಣಗಳಿಗೆ 2017ರ ನಿಯಮಾವಳಿ ಬಂದಮೇಲೆ ಉಪಕರಣವನ್ನೂ ಕಾನೂನನ್ನೂ ಎರಡನ್ನೂ ಓದಬಲ್ಲ ಇಂಜಿನಿಯರ್‌ಗಳು ಕಂಪನಿಗಳಿಗೆ ಬೇಕು. ಇದನ್ನು ಕೊನೆಯ ವರ್ಷ ಗಾಬರಿಯಲ್ಲಿ ಹುಡುಕುವ ಬದಲು ಮೊದಲ ವರ್ಷದಿಂದಲೇ ವರ್ಷಕ್ಕೊಮ್ಮೆ ಗೈಡ್ ಜೊತೆ ಕೂತು ಯೋಜನೆ ಬರೆಯಬೇಕು.

ಇಷ್ಟೆಲ್ಲ ಇದ್ದರೂ ತಾರತಮ್ಯ ತಾನಾಗಿ ಮಾಯವಾಗುವುದಿಲ್ಲ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಎನ್‌ಐಎಚ್‌ನ ಅನುದಾನಗಳನ್ನೇ ಪರಿಶೀಲಿಸಿತು. ಶಿಕ್ಷಣ, ತರಬೇತಿ, ಪ್ರಕಟಣೆ ಎಲ್ಲವನ್ನೂ ಸಮ ಮಾಡಿ ಹೋಲಿಸಿದರೂ ಕಪ್ಪು ಸಂಶೋಧಕರಿಗೆ ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾ ಅಂಶದಷ್ಟು ಕಡಿಮೆ ಇತ್ತು. ಕಲಿಯುವವರನ್ನು ಮಾತ್ರ ತಿದ್ದಿದರೆ ಸಾಲದು, ಆಯ್ಕೆ ಮಾಡುವವರನ್ನೂ ತಿದ್ದಬೇಕು.

ಅವ್ವನ ಮೊದಲ ಪ್ರಶ್ನೆ: ರೊಕ್ಕಾ ಯಾರು ಕೊಡ್ತಾರ?

ಈಗ ಲೆಕ್ಕಕ್ಕೆ ಬರೋಣ. ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿಗೆ ನಾವು ದುಡ್ಡು ಸುರಿಯಬೇಕಿಲ್ಲ, ದುಡ್ಡು ನಮಗೇ ಬರುತ್ತದೆ. 2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಜೂನಿಯರ್ ರಿಸರ್ಚ್ ಫೆಲೋ, ಅಂದರೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಸೀನಿಯರ್ ಆದಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಐದು ವರ್ಷ ಕೂಡಿಸಿ ನೋಡಿ. ಮೊದಲ 24 ತಿಂಗಳಿಗೆ 8,88,000. ಮುಂದಿನ 36 ತಿಂಗಳಿಗೆ 15,12,000. ಒಟ್ಟು 24 ಲಕ್ಷ. ಸರಾಸರಿ ವರ್ಷಕ್ಕೆ 4.8 ಲಕ್ಷ. ನಮ್ಮ ಕ್ಯಾಂಪಸ್‌ಗಳಿಗೆ ಬರುವ ಎಷ್ಟೋ ಕಂಪನಿಗಳು ಹೊಸಬರಿಗೆ ಹೇಳುವ ಪ್ಯಾಕೇಜಿನ ಪಕ್ಕ ಈ ಅಂಕಿಯನ್ನು ಇಟ್ಟು ನೋಡಿ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಆದರೆ ಶುರುವಿನಲ್ಲೇ ತಿಂಗಳಿಗೆ 70,000. ಅದಕ್ಕೆ ಪೈಪೋಟಿ ಮಾತ್ರ ಜೋರು.

ಈ ಫೆಲೋಶಿಪ್‌ಗಳಿಗೆ ಬಾಗಿಲು ಹಲವು. ಜೀವವಿಜ್ಞಾನದವರಿಗೆ ಸಿಎಸ್‌ಐಆರ್–ಯುಜಿಸಿ ನೆಟ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೆಆರ್‌ಎಫ್ ಪರೀಕ್ಷೆ, ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್. ನಮ್ಮಂಥ ಇಂಜಿನಿಯರ್‌ಗಳಿಗೆ ಗೇಟ್. ಅದರಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ಪತ್ರಿಕೆ 2020ರಿಂದ ಬೇರೆಯಾಗಿಯೇ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗದವರಿಗೆ ಕೇಂದ್ರದ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಒಬ್ಬಳೇ ಮಗಳಾಗಿರುವ ಹುಡುಗಿಯರಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಓದು ಬಿಟ್ಟು ಮತ್ತೆ ಮರಳುವ ಮಹಿಳೆಯರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಯೋಜನೆಗಳಿವೆ. ನಮ್ಮ ರಾಜ್ಯದ ಕಡೆಯಿಂದ ಕೆಸ್ಟೆಪ್ಸ್ ಮೂಲಕ ಕೊಡುವ ಪಿಎಚ್‌ಡಿ ಫೆಲೋಶಿಪ್ ಇದೆ.

ನಿಯಮಗಳೂ ಕೊಂಚ ಸಡಿಲವಾಗಿವೆ. ಯುಜಿಸಿಯ 2022ರ ನಿಯಮಾವಳಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಇದ್ದರೆ ಸ್ನಾತಕೋತ್ತರ ಪದವಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಹತೆ. ಮೀಸಲು ವರ್ಗಗಳಿಗೂ ಅಂಗವಿಕಲರಿಗೂ ಇದರಲ್ಲಿ ಶೇ. 5ರ ರಿಯಾಯಿತಿ ಇದೆ. ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಇನ್ನೂ ಎರಡು ವರ್ಷ ಹೆಚ್ಚುವರಿ ಅವಕಾಶ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ.

ಆದರೆ ಅವ್ವನಿಗೆ ಸುಳ್ಳು ಹೇಳಬಾರದು. ಫೆಲೋಶಿಪ್ ಹಣ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ತಿಂಗಳುಗಟ್ಟಲೆ ತಡವಾಗಿ, ಒಟ್ಟಿಗೆ ಬರೋದು ಸಂಶೋಧನಾ ವಿದ್ಯಾರ್ಥಿಗಳ ಹಳೆಯ ಗೋಳು. ಮನೆಯಲ್ಲಿ ಕೂಡಿಟ್ಟದ್ದು ಇರುವವರಿಗೆ ಅದು ಕಿರಿಕಿರಿ. ಇಲ್ಲದವರಿಗೆ ಅದೇ ಪಿಎಚ್‌ಡಿ ಬಿಡುವ ಕಾರಣ. ಕೊಡುವ ಹಣದಷ್ಟೇ ಅದು ಬರುವ ತಾರೀಖೂ ತರಬೇತಿಯ ಭಾಗ. ಬಿತ್ತುವ ಹೊತ್ತಿಗೆ ಬಾರದ ಮಳೆ ಆಮೇಲೆ ಎಷ್ಟು ಸುರಿದರೇನು?

ವಿಜಯಪುರದಿಂದ ಶುರು ಮಾಡೋದು ಹೇಗೆ?

ಹತ್ತಿರದಲ್ಲೇ ಏನಿದೆ ನೋಡಿ. ವಿಜಯಪುರದಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯವಿದೆ. ಅದರ ಬೇರು 1910ರಲ್ಲಿ ಫ.ಗು. ಹಳಕಟ್ಟಿಯವರು ಹುಟ್ಟುಹಾಕಿದ ಶಿಕ್ಷಣ ಸಂಸ್ಥೆಯಲ್ಲಿದೆ. ತೊರವಿಯಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ 2003ರಿಂದ ಇದೆ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯಕೀಯ ಸಂಸ್ಥೆ, ಧಾರವಾಡದಲ್ಲಿ ಐಐಟಿ. ಬೆಂಗಳೂರಿಗೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆಯ ಬಯೋ ಇಂಜಿನಿಯರಿಂಗ್ ವಿಭಾಗ, ಎನ್‌ಸಿಬಿಎಸ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನಿಮ್ಹಾನ್ಸ್.

ಬಯೋಟೆಕ್‌ನವರಿಗೆ ಮಾತ್ರ ಇದು ಅಂದುಕೊಳ್ಳಬೇಡಿ. ಇಸಿಜಿ ಸಿಗ್ನಲ್‌ನಿಂದ ಗದ್ದಲ ತೆಗೆಯೋದು ಎಲೆಕ್ಟ್ರಾನಿಕ್ಸ್. ಮೊಣಕಾಲಿನ ಕೃತಕ ಕೀಲು ಮೆಕ್ಯಾನಿಕಲ್. ಎಕ್ಸ್-ರೇಯಲ್ಲಿ ಕ್ಷಯ ಗುರುತಿಸುವ ಪ್ರೋಗ್ರಾಮ್ ಕಂಪ್ಯೂಟರ್ ಸೈನ್ಸ್. ಕುಡಿಯುವ ನೀರಿನ ಫ್ಲೋರೈಡ್ ತೆಗೆಯೋದು ಸಿವಿಲ್, ಕೆಮಿಕಲ್.

ಮಾಡಬೇಕಾದ್ದು ಬಹಳ ಇಲ್ಲ. ಎರಡನೇ ಅಥವಾ ಮೂರನೇ ವರ್ಷದಲ್ಲಿ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಇದರಲ್ಲಿ ಸುಮಾರು ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ, ಜೊತೆಗೆ ಭತ್ಯೆ. ಲ್ಯಾಬ್ ನಮಗೆ ಒಗ್ಗುತ್ತದೋ ಇಲ್ಲವೋ ಅನ್ನೋದು ಐದು ವರ್ಷ ಒಪ್ಪಿಸುವ ಮೊದಲೇ ಗೊತ್ತಾಗುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಳ್ಳಬೇಡಿ. ಪಕ್ಕದ ಮೆಡಿಕಲ್ ಕಾಲೇಜಿಗೆ ಹೋಗಿ "ನಿಮಗ ದಿನಾ ತ್ರಾಸ ಕೊಡೂ ಸಮಸ್ಯೆ ಯಾವುದ್ರೀ ಸರ್?" ಅಂತ ಒಬ್ಬ ವೈದ್ಯರನ್ನು ಕೇಳಿ ನೋಡಿ. ವಾರಕ್ಕೊಂದು ಪ್ರಬಂಧ ನಾಲ್ಕು ಜನ ಕೂಡಿ ಓದಿ. ಮೇಯರ್‌ಹಾಫ್ ಕಾರ್ಯಕ್ರಮದ ಅರ್ಧ ಗುಟ್ಟು ಅಷ್ಟೇ: ಜೊತೆಗೂಡಿ ಓದೋದು. ಅದಕ್ಕೆ ಅನುದಾನ ಬೇಕಾಗಿಲ್ಲ. ಕ್ಯಾಂಟೀನ್ ಟೇಬಲ್ ಸಾಕು. ಓದಿದ್ದನ್ನು ಕನ್ನಡದಲ್ಲೇ ಚರ್ಚೆ ಮಾಡಿ. ಅರ್ಥವಾದ ಮೇಲೆ ಇಂಗ್ಲಿಷಿನಲ್ಲಿ ಬರೆಯಬಹುದು.

ಪೊನ್ನವಾಡದ ಲೆಕ್ಕ

ಹೊನವಾಡದ ಹಳೆಯ ಹೆಸರು ಪೊನ್ನವಾಡ. ಅಲ್ಲಿನ 1054ರ ಶಾಸನದ ಪ್ರಕಾರ ಅದು ಒಂದು ಅಗ್ರಹಾರ. ಅದರ ಆಡಳಿತ ನಡೆಸುತ್ತಿದ್ದವಳು ಚಾಲುಕ್ಯ ಚಕ್ರವರ್ತಿ ಒಂದನೇ ಸೋಮೇಶ್ವರನ ರಾಣಿ ಕೇತಲದೇವಿ. ಅಗ್ರಹಾರ ಅಂದರೆ ಓದುವ, ಓದಿಸುವ ಜನಕ್ಕೆ ಹೊಟ್ಟೆಯ ಚಿಂತೆ ಇರಬಾರದೆಂದು ಬಿಟ್ಟುಕೊಟ್ಟ ಊರು. ಅಂದರೆ ವಿದ್ಯೆಗೆ ದತ್ತಿ ಬೇಕು ಅನ್ನೋದು ಈ ಮಣ್ಣಿಗೆ ಹೊಸ ಮಾತಲ್ಲ, ಸುಮಾರು ಸಾವಿರ ವರ್ಷ ಹಳೆಯದು. ಆದರೆ ಆ ದತ್ತಿ ಕೆಲವರಿಗೆ ಮಾತ್ರ ಇತ್ತು. ಅದೇ ಊರಲ್ಲಿ ಹೊಲ ಉತ್ತವರ, ಬಟ್ಟೆ ನೇಯ್ದವರ, ಚರ್ಮ ಹದ ಮಾಡಿದವರ ಮಕ್ಕಳು ಆ ಲೆಕ್ಕದಲ್ಲಿ ಬರಲಿಲ್ಲ. ಈಗಿನ ಫೆಲೋಶಿಪ್, ಮೀಸಲಾತಿ, ತರಬೇತಿ ಎಲ್ಲದರ ಅರ್ಥ ಇಷ್ಟೇ: ಆ ದತ್ತಿಯ ಪಟ್ಟಿಯನ್ನು ಉದ್ದ ಮಾಡೋದು.

ಇನ್ನು ಅವ್ವನ ಎರಡನೇ ಪ್ರಶ್ನೆ. ನೌಕರಿ ಗ್ಯಾರಂಟಿ ಐತೇನು? ಇಲ್ಲ. ಬಿ.ಇ. ಮುಗಿಸಿದವರಿಗೂ ಇಲ್ಲ, ದ್ರಾಕ್ಷಿ ಹಚ್ಚಿದವರಿಗೂ ಇಲ್ಲ. ಅಕಾಲಿಕ ಮಳೆ ಬಂದು ಒಣಹಾಕಿದ ದ್ರಾಕ್ಷಿ ಕೆಟ್ಟ ವರ್ಷ ಅಪ್ಪ ತೋಟ ಕಿತ್ತು ಹಾಕಲಿಲ್ಲ. ಚಾಟ್ನಿ ಮಾಡಿ, ಔಷಧ ಹೊಡೆದು, ಮುಂದಿನ ಹಂಗಾಮಿಗೆ ತಯಾರಾದ. ಬಳ್ಳಿ ಹಚ್ಚಿದ ದಿನವೇ ಯಾರೂ ಗೊನೆ ಕೇಳುವುದಿಲ್ಲ. ಕಂಬ ನೆಟ್ಟು, ತಂತಿ ಎಳೆದು, ನೀರು ಕೊಟ್ಟು ಕಾಯುತ್ತಾರೆ. ಕಂಬವೂ ತಂತಿಯೂ ಇಲ್ಲದೆ "ಛಲ ಇದ್ರ ಏರ್ತೈತಿ ಬಿಡ್ರಿ" ಅಂತ ಬಳ್ಳಿಯನ್ನು ಬಿಡುವ ರೈತ ನಮ್ಮ ಕಡೆ ಒಬ್ಬನೂ ಇಲ್ಲ.

ಹಾಗಾಗಿ ಮುಂದಿನ ಭಾನುವಾರ ಊರಿಗೆ ಹೋದಾಗ ಈ ಮಾತು ತೆಗೆಯುವವರು ನೀವೇ ಆಗಿದ್ದರೆ 24 ಲಕ್ಷದ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತಡವಾಗಿ ಬರಬಹುದು ಅನ್ನೋದನ್ನೂ ಅದರ ಕೆಳಗೇ ಬರೆಯಿರಿ. ಪೂರಾ ಲೆಕ್ಕ ನೋಡಿದ ಅವ್ವ ಹೂಂ ಅನ್ನಬಹುದು, ಊಹೂಂ ಅನ್ನಬಹುದು. ಲೆಕ್ಕವೇ ಗೊತ್ತಿಲ್ಲದೆ ಸುಮ್ಮನಾಗೋದಕ್ಕಿಂತ ಎರಡೂ ಉತ್ತರ ಒಳ್ಳೆಯವೇ.